ಕುಕ್ಕರ್ ವಿಷಲ್ ಕೇಳಿಸದವರಿಗೆ ಅನ್ನ ಮಾಡಲು ಕಲಿಸೋದು ಹೇಗೆ: ಕಿವಿ ಕೇಳದ, ಬುದ್ಧಿ ಬೆಳವಣಿಗೆ ನಿಧಾನವಾದ ದೊಡ್ಡವರ ಮನೆಯವರಿಗೆ

ನನ್ನ ತಮ್ಮನಿಗೆ ಈಗ 34 ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸುವುದಿಲ್ಲ, ಜೊತೆಗೆ ಬುದ್ಧಿ ಬೆಳವಣಿಗೆಯೂ ನಿಧಾನ. ನಾವಿರುವುದು ಮೈಸೂರಿನಲ್ಲಿ. ಬೆಳಿಗ್ಗೆ ಅವನೇ ಎದ್ದು, ಸ್ನಾನ ಮುಗಿಸಿ, ಟೀ ಮಾಡಿಕೊಂಡು, ಸಿಟಿ ಬಸ್ ಹತ್ತಿ ಒಂದು ಬೇಕರಿಗೆ ಕೆಲಸಕ್ಕೆ ಹೋಗುತ್ತಾನೆ. ಬನ್ನು, ರಸ್ಕು ಪ್ಯಾಕ್ ಮಾಡುವ ಕೆಲಸ. 26 ತುಂಬುವ ತನಕ ಇದ್ಯಾವುದೂ ಇರಲಿಲ್ಲ. ಅನ್ನ ಅಮ್ಮ ಕಲಸಿ ಕೊಡುತ್ತಿದ್ದರು, ಅಂಗಿ ಗುಂಡಿ ನಾನು ಹಾಕುತ್ತಿದ್ದೆ. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ಅವನು ಸರಿಯಾಗಿ ಊಟವನ್ನೇ ಮಾಡಲಿಲ್ಲ. ಅಮ್ಮ ಇಲ್ಲದಿದ್ದರೆ ಇವನ ಗತಿ ಏನು ಅಂತ ಆಗ ಭಯವಾಯಿತು.

ಕಿವುಡರ ಶಾಲೆಗೆ ಕರೆದುಕೊಂಡು ಹೋದರೆ "ಇವನಿಗೆ ಬುದ್ಧಿ ಸಾಲದು, ಬೇರೆ ಕಡೆ ನೋಡಿ" ಅಂದಿದ್ದರು. ಆ ಬೇರೆ ಕಡೆ ಹೋದರೆ "ಇವನಿಗೆ ಕಿವಿ ಕೇಳಿಸಲ್ಲ, ನಮ್ಮ ಟೀಚರ್‌ಗಳಿಗೆ ಸನ್ನೆ ಬರಲ್ಲ" ಅಂದರು. ಎರಡರ ಮಧ್ಯೆ ಸಿಕ್ಕಿಕೊಂಡ ಮಕ್ಕಳು ಮನೆಯಲ್ಲೇ ಉಳಿದು ಹಾಗೇ ದೊಡ್ಡವರಾಗಿಬಿಡುತ್ತಾರೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಇದು ನಿಮಗೆ. ಇಷ್ಟು ವಯಸ್ಸಾಯ್ತು, ಇನ್ನೇನು ಕಲಿಯುತ್ತಾರೆ ಅಂತ ಬಿಡಬೇಡಿ. ನನ್ನ ತಮ್ಮ ತನಗೆ ಏನು ಬೇಕು ಅನ್ನುವುದನ್ನು ಪೂರ್ತಿಯಾಗಿ ಹೇಳಿದ್ದೇ 27ನೇ ವಯಸ್ಸಿನಲ್ಲಿ.

ಮೊದಲು ಕಣ್ಣು, ಕಿವಿ, ಹಲ್ಲು

ಏನನ್ನಾದರೂ ಕಲಿಸುವ ಮೊದಲು ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ಕಿವಿ ಪರೀಕ್ಷೆ ಚಿಕ್ಕಂದಿನಲ್ಲಿ ಆಗಿತ್ತು ಅಂತ ಸುಮ್ಮನಿರಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆಯಿಷ್ ಅಂತ ಎಲ್ಲರೂ ಕರೆಯುತ್ತಾರಲ್ಲ, ಅದು. "ಶಬ್ದ ಬಂದಾಗ ಕೈ ಎತ್ತು" ಅಂದರೆ ಅರ್ಥವಾಗದವರಿಗೂ ಪರೀಕ್ಷೆ ಮಾಡುವ ದಾರಿ ಇದೆ. ತಲೆಗೆ ಸಣ್ಣ ಎಲೆಕ್ಟ್ರೋಡ್ ಅಂಟಿಸಿ ಮಾಡುವ ಬೆರಾ ಪರೀಕ್ಷೆ, ಅದರಲ್ಲಿ ಅವರು ಉತ್ತರ ಕೊಡಬೇಕಾಗಿಲ್ಲ. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಇರುವವರಲ್ಲಿ ಕಿವಿಯಲ್ಲಿ ಗುಗ್ಗೆ ಕಟ್ಟುವುದು, ಒಳಗೆ ನೀರು ತುಂಬುವುದು ಜಾಸ್ತಿ. ಎಷ್ಟೋ ಸಲ ಮಾತು ಕೇಳಲ್ಲ, ಹಟ ಮಾಡುತ್ತಾರೆ ಅಂತ ನಾವು ಬೈಯುತ್ತಿರುತ್ತೇವೆ, ಪಾಪ, ಅವರಿಗೆ ಕೇಳಿಸಿಯೇ ಇರುವುದಿಲ್ಲ.

ಕಣ್ಣು ಇನ್ನೂ ಮುಖ್ಯ, ಯಾಕೆಂದರೆ ಇವರಿಗೆ ಕಣ್ಣೇ ಕಿವಿ. ಸಂಜೆಯಾದ ಮೇಲೆ ಎಡವುತ್ತಿದ್ದರೆ, ಪಕ್ಕದಿಂದ ಬಂದವರು ಕಾಣಿಸದೆ ಬೆಚ್ಚಿ ಬೀಳುತ್ತಿದ್ದರೆ ತಕ್ಷಣ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಅಷರ್ ಸಿಂಡ್ರೋಮ್ ಅಂತ ಒಂದಿದೆ, ಹುಟ್ಟು ಕಿವುಡಿನ ಜೊತೆಗೆ ಕಣ್ಣೂ ನಿಧಾನವಾಗಿ ಮಂಜಾಗುತ್ತಾ ಹೋಗುತ್ತದೆ. ಅದು ಮೊದಲೇ ಗೊತ್ತಾದರೆ ಕಲಿಸುವ ರೀತಿಯೇ ಬೇರೆ ಮಾಡಿಕೊಳ್ಳಬೇಕು.

ಹಲ್ಲಿನ ವಿಷಯ ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ವರ್ಷ ನನ್ನ ತಮ್ಮ ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದ. ಕರೆದುಕೊಂಡು ಹೋದ ಕಡೆ ಡಾಕ್ಟರ್ ಅವನ ಮುಖ ಕೂಡ ನೋಡಲಿಲ್ಲ. "ಇಂಥವರಲ್ಲಿ ಇದೆಲ್ಲ ಇದ್ದದ್ದೇ" ಅಂತ ನಿದ್ದೆ ಬರುವ ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳು ಅವನು ಮಂಕಾಗಿ ಬಿದ್ದಿದ್ದ. ಆಮೇಲೆ ಒಂದು ದಿನ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರೆ ದವಡೆ ಹಲ್ಲು ಪೂರ್ತಿ ಹುಳುಕು, ಒಸಡು ಊದಿತ್ತು. ನೋವು ಅನ್ನುವುದಕ್ಕೆ ಅವನ ಹತ್ತಿರ ಒಂದು ಸನ್ನೆಯೇ ಇರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಇದ್ದಕ್ಕಿದ್ದಂತೆ ನಡವಳಿಕೆ ಬದಲಾದರೆ ಮೊದಲು ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಉರಿ, ಹೆಂಗಸರಾದರೆ ಮುಟ್ಟಿನ ನೋವು ನೋಡಿ. ಮನಸ್ಸಿನ ಮಾತ್ರೆ ಆಮೇಲೆ.

ಕೆಲಸಕ್ಕಿಂತ ಮೊದಲು ಭಾಷೆ

ನಾವು ಮಾಡಿದ ದೊಡ್ಡ ತಪ್ಪು ಇದು. ಗುಂಡಿ ಹಾಕಿಕೊಳ್ಳುವುದು, ಹಾಸಿಗೆ ಮಡಚುವುದು ಅಂತ ಕೆಲಸಗಳನ್ನು ಕಲಿಸಲು ಹೊರಟೆವು. ಅವನಿಗೆ ಬೇಡ ಅನ್ನಲು ಬರುತ್ತಿರಲಿಲ್ಲ, ಯಾಕೆ ಅಂತ ಕೇಳಲು ಬರುತ್ತಿರಲಿಲ್ಲ. ಹಾಗಾಗಿ ಎಸೆಯುತ್ತಿದ್ದ. ಕೋಪ ಅಂತ ನಾವು ಅಂದುಕೊಂಡಿದ್ದು ಅವನ ಮಾತು.

ಪ್ರತಿ ಮನೆಯಲ್ಲೂ ಒಂದಿಷ್ಟು ಮನೆ ಸನ್ನೆಗಳು ಇದ್ದೇ ಇರುತ್ತವೆ. ಅವನ್ನು ಮೊದಲು ಬರೆದಿಟ್ಟುಕೊಳ್ಳಿ, ಬಿಡಬೇಡಿ. ನನ್ನ ತಮ್ಮ ಅಮ್ಮನಿಗೆ ಮೂಗಿನ ಪಕ್ಕ ಬೆರಳಿಟ್ಟು ತೋರಿಸುತ್ತಿದ್ದ, ಮೂಗುತಿ ಇದೆಯಲ್ಲ, ಅದಕ್ಕೆ. ಆಮೇಲೆ ನೋಡಿದರೆ ಭಾರತೀಯ ಸನ್ನೆ ಭಾಷೆಯಲ್ಲಿ ಹೆಣ್ಣು ಅನ್ನುವುದಕ್ಕೂ ಮೂಗಿನ ಪಕ್ಕವೇ ಬೆರಳು. ಅಲ್ಲಿಂದ ಮುಂದೆ ದಾರಿ ಸಲೀಸಾಯಿತು. ಮನೆ ಸನ್ನೆಯ ಪಕ್ಕದಲ್ಲೇ ಹೊರಗಿನವರಿಗೂ ಅರ್ಥವಾಗುವ ಸನ್ನೆಯನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 10,000 ಪದಗಳ ವಿಡಿಯೋ ನಿಘಂಟು ಮಾಡಿದ್ದಾರೆ, ಯೂಟ್ಯೂಬ್‌ನಲ್ಲಿ ದುಡ್ಡಿಲ್ಲದೆ ನೋಡಬಹುದು. ದಿನಕ್ಕೆ ಒಂದು ಪದ ಸಾಕು. ಆದರೆ ಆ ಒಂದು ಪದವನ್ನು ಅಪ್ಪ, ಅಮ್ಮ, ಅಜ್ಜಿ, ಮನೆಗೆ ಬರುವ ಕೆಲಸದವರು, ಎಲ್ಲರೂ ಅದೇ ರೀತಿ ಮಾಡಬೇಕು. ಒಬ್ಬರಿಗೇ ಬಂದರೆ ಆ ಒಬ್ಬರು ಊರಿಗೆ ಹೋದ ದಿನ ಅವನು ಮತ್ತೆ ಮೂಗನಾಗುತ್ತಾನೆ.

ಮೊದಲು ಯಾವ ಪದ? ಊಟ, ನೀರು ಅಂತ ಎಲ್ಲರೂ ಶುರು ಮಾಡುತ್ತಾರೆ. ಅವು ಹೇಗೂ ಗೊತ್ತಾಗುತ್ತವೆ, ತಟ್ಟೆ ತೋರಿಸಿದರೆ ಆಯಿತು. ನಾನಂತೂ ಬೇಡ, ಸಾಕು, ನೋವು, ಇನ್ನೂ ಬೇಕು, ತಾಳು, ಸಹಾಯ ಮಾಡು, ಯಾರು, ಯಾವಾಗ ಇವನ್ನು ಮೊದಲು ಹಾಕುತ್ತೇನೆ. ಮತ್ತು ಅವನು ಬೇಡ ಅಂದಾಗ ನಿಜವಾಗಿಯೂ ನಿಲ್ಲಿಸಬೇಕು. ಮೊದಲ ತಿಂಗಳು ನನ್ನ ತಮ್ಮ ಎಲ್ಲದಕ್ಕೂ ಬೇಡ ಅಂದ. ಉಪ್ಪಿಟ್ಟು ಬೇಡ, ನೀಲಿ ಅಂಗಿ ಬೇಡ, ಮದುವೆ ಮನೆಗೆ ಬರಲ್ಲ. 27 ವರ್ಷ ಕೂಡಿಟ್ಟಿದ್ದ ಬೇಡಗಳು ಅವು.

ಸಾಧ್ಯವಾದರೆ ಒಬ್ಬ ಕಿವುಡ ವ್ಯಕ್ತಿಯಿಂದಲೇ ಸನ್ನೆ ಕಲಿಸಿ. ಕಿವಿ ಕೇಳುವವರು ಎಷ್ಟು ಚೆನ್ನಾಗಿ ಕಲಿತಿದ್ದರೂ ನಮ್ಮ ಕೈ ಮಾತಾಡುವಾಗ ಮುಖ ಸುಮ್ಮನಿರುತ್ತದೆ. ಅವರದು ಮೈಯೆಲ್ಲ ಮಾತು. ಇವನಿಗೆ ಒಂದು ಪದ ಅರ್ಥವಾಗದಿದ್ದರೆ ಅದನ್ನೇ ಹತ್ತು ರೀತಿ ತಿರುಗಿಸಿ, ನಟಿಸಿ ತೋರಿಸುವ ತಾಳ್ಮೆ ಅವರಲ್ಲಿದೆ.

ಅವನ ಬೆನ್ನ ಹಿಂದೆ ಆಡಿದ ಮಾತುಗಳು

ನಮಗೆ ಗೊತ್ತಿರುವುದರಲ್ಲಿ ಅರ್ಧಕ್ಕರ್ಧ ಯಾರೂ ಕಲಿಸಿದ್ದಲ್ಲ. ಅಡುಗೆಮನೆಯಲ್ಲಿ ಅಮ್ಮ ಫೋನಿನಲ್ಲಿ ಮಾತಾಡುತ್ತಿದ್ದಾಗ ಕಿವಿಗೆ ಬಿದ್ದದ್ದು. ಟೊಮೆಟೊ ರೇಟು, ಚಿಕ್ಕಪ್ಪನ ಸಕ್ಕರೆ ಕಾಯಿಲೆ, ನಾಳೆ ಕರೆಂಟ್ ಇರಲ್ಲ ಅನ್ನುವುದು. ಇವರಿಗೆ ಅದ್ಯಾವುದೂ ಸಿಗುವುದಿಲ್ಲ. ಎಲ್ಲ ಇದ್ದಕ್ಕಿದ್ದಂತೆ ಆಗಿಬಿಡುತ್ತದೆ.

ನಮ್ಮಜ್ಜಿ ತೀರಿಕೊಂಡಾಗ ಅವನಿಗೆ ಯಾರೂ ಏನೂ ಹೇಳಲಿಲ್ಲ. ಏನು ಅರ್ಥವಾಗುತ್ತದೆ, ಸುಮ್ನೆ ಯಾಕೆ ನೋಯಿಸುವುದು ಅಂತ ಪಕ್ಕದ ಮನೆಯಲ್ಲಿ ಕೂರಿಸಿದರು. ಅವನು ತಿಂಗಳುಗಟ್ಟಲೆ ಅಜ್ಜಿಯ ಕೋಣೆಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದ. ಈಗ ಗೊತ್ತು, ಕರೆದುಕೊಂಡು ಹೋಗಿ ತೋರಿಸಬೇಕಿತ್ತು, ಮುಟ್ಟಿಸಬೇಕಿತ್ತು.

ಹಾಗಾಗಿ ದಿನಾ ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಕೂತು ನಾಳೆಯ ದಿನವನ್ನು ತೋರಿಸಿ. ನಮ್ಮ ಮನೆಯಲ್ಲಿ ಫ್ರಿಜ್ ಬಾಗಿಲ ಮೇಲೆ ಫೋಟೋಗಳ ಸಾಲು ಇದೆ. ಬೇಕರಿ, ಬಸ್, ದೇವಸ್ಥಾನ, ಡಾಕ್ಟರ್, ಮನೆಗೆ ಬರುವ ನೆಂಟರ ಮುಖ. ಗೊಂಬೆ ಚಿತ್ರ ಬೇಡ, ನಿಮ್ಮದೇ ಫೋನಿನಲ್ಲಿ ತೆಗೆದ ಫೋಟೋ ಹಾಕಿ. ಪುಸ್ತಕದಲ್ಲಿರುವ ಬಸ್ಸು ಅವನಿಗೆ ಬಸ್ಸಲ್ಲ, ಅವನು ಹತ್ತುವ ಬಸ್ಸೇ ಬಸ್ಸು. ಏನಾದರೂ ಬದಲಾದರೆ ಅವನ ಎದುರಿಗೇ ಫೋಟೋ ತೆಗೆದು ಬೇರೆಯದು ಅಂಟಿಸಿ. ಇದೊಂದನ್ನು ಮಾಡಿದ ಮೇಲೆ ನಮ್ಮ ಮನೆಯಲ್ಲಿ ವಸ್ತು ಎಸೆಯುವುದು ಬಹುತೇಕ ನಿಂತೇ ಹೋಯಿತು.

ಇನ್ನು ಕುಕ್ಕರ್

ಮೂರು ವಿಷಲ್ ಆದ ಮೇಲೆ ಆರಿಸು ಅಂತ ನಾವು ಹೇಳುತ್ತೇವೆ. ಕೇಳಿಸದವನಿಗೆ ವಿಷಲ್ ಅಂದರೆ ಏನು? ಕುಕ್ಕರ್ ಮೇಲಿನ ವೇಯ್ಟ್ ಎದ್ದು ಕೂರುವುದು, ಬುಸ್ಸನೆ ಆವಿ ಮೇಲೆ ಹೋಗುವುದು. ಅದು ಕಣ್ಣಿಗೆ ಕಾಣುತ್ತದೆ. ಆದರೆ ಎಣಿಸುವುದು ಅವನಿಗೆ ಕಷ್ಟ. ಹಾಗಾಗಿ ಒಂದು ಬಟ್ಟಲಲ್ಲಿ ಮೂರು ಹುಣಸೆ ಬೀಜ, ಪಕ್ಕದಲ್ಲಿ ಒಂದು ಖಾಲಿ ಬಟ್ಟಲು ಇಟ್ಟೆವು. ವೇಯ್ಟ್ ಎದ್ದರೆ ಒಂದು ಬೀಜ ಆಚೆಗೆ. ಮೂರೂ ಆಚೆ ಹೋದರೆ ಒಲೆ ಆಫ್. ಬೇಳೆಗೆ ಐದು ಬೀಜ. ಅಷ್ಟೇ. ಒಂದು ವಾರದಲ್ಲಿ ಕಲಿತ.

ಆಫ್ ಮಾಡಿದ ಮೇಲೆ ಒಳಗಿನ ಆವಿ ಇಳಿಯಿತೋ ಇಲ್ಲವೋ ಅಂತ ನಾವು ಶಬ್ದದಿಂದ ತಿಳಿಯುತ್ತೇವೆ. ಅವನಿಗೆ ಅಲುಗುವ ಟೈಮರ್ ಇರುವ ವಾಚ್ ಕಟ್ಟಿದ್ದೇವೆ. ಕೈಯಲ್ಲಿ ಗುರ್ ಅಂದ ಮೇಲೆಯೇ ಮುಚ್ಚಳ ಮುಟ್ಟಬೇಕು. ನೀರಿನ ಅಳತೆಗೆ ಸ್ಟೀಲ್ ಪಾತ್ರೆಯ ಒಳಗೆ ಗೀರು ಹಾಕಿಸಿದ್ದೇವೆ. ಗ್ಯಾಸ್ ಬಗ್ಗೆ ಭಯ ಇದ್ದರೆ ಕರೆಂಟ್ ಕುಕ್ಕರ್ ತನ್ನಿ, ಅನ್ನ ಆದ ಕೂಡಲೇ ದೀಪದ ಬಣ್ಣ ಬದಲಾಗುತ್ತದೆ, ಬೀಜದ ಗೋಜೇ ಇಲ್ಲ.

ಇದನ್ನು ಕಲಿಸುವಾಗ ಮೂರು ವಿಷಯ ಗೊತ್ತಿರಬೇಕು, ಇವು ಯಾವ ಕೆಲಸಕ್ಕೂ ಆಗುತ್ತವೆ. ಕೊನೆಯಿಂದ ಶುರು ಮಾಡಿ. ಅಕ್ಕಿ ತೊಳೆಯುವುದರಿಂದ ಶುರು ಮಾಡಿದರೆ ಅನ್ನ ಕಾಣುವಷ್ಟರಲ್ಲಿ ಅವನಿಗೆ ಬೇಸರ ಬಂದಿರುತ್ತದೆ. ಮೊದಲ ವಾರ ಎಲ್ಲ ನೀವೇ ಮಾಡಿ, ಮುಚ್ಚಳ ತೆಗೆದು ತಟ್ಟೆಗೆ ಬಡಿಸಿಕೊಳ್ಳುವುದು ಮಾತ್ರ ಅವನ ಕೆಲಸ. ಮಾಡಿದ ಕೂಡಲೇ ಊಟ ಸಿಕ್ಕಿತು, ಕೆಲಸ ಮುಗಿಸಿದೆ ಅಂತ ಅವನಿಗೂ ಗೊತ್ತಾಯಿತು. ಮುಂದಿನ ವಾರ ಒಲೆ ಆರಿಸುವುದು ಸೇರಿಸಿ. ಹೀಗೆ ಹಿಂದಕ್ಕೆ ಬನ್ನಿ.

ಎರಡನೆಯದು, ಅವನ ಕೈ ಹಿಡಿದು ಮಾಡಿಸಬೇಡಿ. ಇದನ್ನು ಒಬ್ಬ ಕಿವುಡ ಟೀಚರ್ ನನಗೆ ಹೇಳಿಕೊಟ್ಟರು. ಕಿವಿ ಕೇಳುವವರಿಗೆ ಕೈ ಬರೀ ಕೈ. ಇವರಿಗೆ ಕೈಯೇ ಬಾಯಿ. ಹಿಡಿದರೆ ಬಾಯಿ ಮುಚ್ಚಿದ ಹಾಗೆ, ಬೇಡ ಅನ್ನಲೂ ಆಗುವುದಿಲ್ಲ. ಮುಟ್ಟಿ ತೋರಿಸಲೇಬೇಕಾದರೆ ನಿಮ್ಮ ಕೈ ಕೆಳಗಿರಲಿ, ಅವನ ಕೈ ನಿಮ್ಮ ಕೈ ಮೇಲಿರಲಿ. ಬೇಕಾದಾಗ ಎತ್ತಿಕೊಳ್ಳಬಹುದು.

ಮೂರನೆಯದು, ಸನ್ನೆ ಮಾಡುತ್ತಾ ಕೆಲಸ ತೋರಿಸಬೇಡಿ. ಅವನಿಗಿರುವುದು ಎರಡೇ ಕಣ್ಣು. ನಿಮ್ಮ ಕೈ ನೋಡಬೇಕೋ ಪಾತ್ರೆ ನೋಡಬೇಕೋ? ಮೊದಲು ಹೇಳಿ, ಕೈ ಇಳಿಸಿ, ಆಮೇಲೆ ಮಾಡಿ ತೋರಿಸಿ, ಆಮೇಲೆ ಕಾಯಿರಿ. ಕಾಯುವುದು ಅಂದರೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವುದು. ಏಳಕ್ಕೆ ಬರುವಷ್ಟರಲ್ಲಿ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ನಮ್ಮಮ್ಮ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಲ್ಲುತ್ತಿದ್ದರು. ಒಂಬತ್ತಕ್ಕೆ ಅವನೇ ಮಾಡುತ್ತಿದ್ದ.

ಬಚ್ಚಲು, ಮೈ, ಮರ್ಯಾದೆ

34 ವರ್ಷದ ಗಂಡಸು ಬಾಗಿಲು ತೆರೆದಿಟ್ಟು ಸ್ನಾನ ಮಾಡಬಾರದು. ಒಳಗೆ ಬಿದ್ದರೆ ಅಂತ ಚಿಲಕ ಕಿತ್ತು ಹಾಕುವ ಮನೆಗಳು ಎಷ್ಟೋ. ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದ ಲಾಕ್ ಸಿಗುತ್ತದೆ, ಅದನ್ನು ಹಾಕಿಸಿ. ಬಾಗಿಲು ಬಡಿದರೆ ಕೇಳಿಸಲ್ಲ ನಿಜ, ಆದರೆ ಬಚ್ಚಲಿನ ಲೈಟ್ ಸ್ವಿಚ್ ಸಾಮಾನ್ಯವಾಗಿ ಹೊರಗೇ ಇರುತ್ತದಲ್ವಾ? ಎರಡು ಸಲ ಆರಿಸಿ ಹಾಕಿದರೆ "ಬೇಗ ಬಾ" ಅಂತ ಅರ್ಥ ಮಾಡಿಕೊಂಡಿದ್ದೇವೆ. ಅವನೂ ಒಳಗಿನಿಂದ ಬಾಗಿಲು ತಟ್ಟಿ ಉತ್ತರ ಕೊಡುತ್ತಾನೆ. ಅವನ ಕೋಣೆಗೂ ಇದೇ ನಿಯಮ. ಲೈಟ್ ಮಿಣುಕಿಸದೆ ಯಾರೂ ಒಳಗೆ ಹೋಗುವುದಿಲ್ಲ, ಅಮ್ಮನೂ ಕೂಡ.

ದೇಹದ ಎಲ್ಲ ಭಾಗಗಳಿಗೂ ಸನ್ನೆ ಕಲಿಸಿ, ಗುಪ್ತಾಂಗಕ್ಕೂ. ನಾಚಿಕೆ ಅಂತ ಬಿಟ್ಟರೆ ನಾಳೆ ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದಾಗ ಹೇಳಲು ಪದವೇ ಇರುವುದಿಲ್ಲ. ಮಾತು ಬಾರದವರು, ಹೇಳಲಾರರು ಅಂತ ಗೊತ್ತಿದ್ದೇ ಕೆಲವರು ಇವರನ್ನು ಹುಡುಕುತ್ತಾರೆ. ಯಾರು, ಎಲ್ಲಿ, ಮುಟ್ಟಿದರು, ನನಗೆ ಇಷ್ಟವಿಲ್ಲ, ಇಷ್ಟು ಗೊತ್ತಿರಲೇಬೇಕು. ಸನ್ನೆಯಲ್ಲಿ ಹೇಳಿದ ಸಾಕ್ಷಿಯನ್ನೂ ನಮ್ಮ ಕಾನೂನು ಒಪ್ಪುತ್ತದೆ, ದುಭಾಷಿಯನ್ನು ಕರೆಸಿ ವಿಡಿಯೋ ಮಾಡಬೇಕು ಅಂತಲೂ ಹೇಳುತ್ತದೆ. ಪೊಲೀಸರು "ಇವನಿಗೇನು ಗೊತ್ತಾಗುತ್ತೆ" ಅಂದರೆ ಅಲ್ಲಿಂದ ಎದ್ದು ಬರಬೇಡಿ.

ದುಡ್ಡು ಮತ್ತು ಬಸ್ಸು

ಓದಲು ಬರದಿದ್ದರೂ ಈಗಿನ ನೋಟುಗಳ ಬಣ್ಣ ಸಹಾಯಕ್ಕೆ ಬರುತ್ತದೆ. 10 ಕಂದು, 50 ತಿಳಿ ನೀಲಿ, 100 ನೇರಳೆ, 500 ಬೂದು. ಗೊಂದಲವಾಗುವುದು 20 ಮತ್ತು 200ರಲ್ಲಿ, ಎರಡೂ ಹಳದಿ ಕಡೆಗೇ ಇವೆ. ಅವೆರಡನ್ನೂ ಅಕ್ಕಪಕ್ಕ ಇಟ್ಟು ಹೆಚ್ಚು ದಿನ ಆಡಿಸಿ. ಹಳೇ 100ರ ನೋಟೂ ಚಲಾವಣೆಯಲ್ಲಿದೆ, ಅದನ್ನೂ ತೋರಿಸಿಡಿ. ಚಿಲ್ಲರೆ ಲೆಕ್ಕ ಬರದಿದ್ದರೆ ಚಿಂತೆ ಬೇಡ. ನನ್ನ ತಮ್ಮನ ಪರ್ಸಿನಲ್ಲಿ ಒಂದೊಂದು ಖಾನೆಗೂ ಒಂದೊಂದು ಫೋಟೋ ಇದೆ. ಟೀ ಖಾನೆಯಲ್ಲಿ ಟೀಗೆ ಆಗುವಷ್ಟು, ಬಸ್ ಖಾನೆಯಲ್ಲಿ ಬಸ್ಸಿಗೆ ಆಗುವಷ್ಟು.

ಫೋನ್‌ಪೇ, ಗೂಗಲ್‌ಪೇ ಕಲಿಸುವುದಾದರೆ ಅವನದೇ ಬೇರೆ ಖಾತೆಗೆ ಜೋಡಿಸಿ, ಅದರಲ್ಲಿ ವಾರಕ್ಕೆ ಬೇಕಾದಷ್ಟೇ ಇಡಿ. ಅಂಗಡಿಯವರು ದುಡ್ಡು ಬಂತು ಅಂತ ನಂಬುವುದು ಅಲ್ಲಿಟ್ಟ ಪೆಟ್ಟಿಗೆ ಕೂಗಿದ ಮೇಲೆ. ಅದು ಕೂಗಿತೋ ಇಲ್ಲವೋ ಇವನಿಗೆ ತಿಳಿಯುವುದಿಲ್ಲ. ಸ್ಕ್ರೀನ್ ಮೇಲೆ ಸರಿ ಗುರುತು ಬಂದದ್ದನ್ನು ತೋರಿಸಿ, ಅವರು ತಲೆ ಆಡಿಸಿದ ಮೇಲೆ ಹೊರಡಬೇಕು ಅಂತ ಕಲಿಸಿ. ಇನ್ನೊಂದು, ಸಂಬಳ ಅವನ ಕೈಗೇ ಬರಲಿ. ಮೊದಲ ಸಂಬಳದಲ್ಲಿ ಅವನು ಕೆಂಪು ಬಣ್ಣದ ಟಾರ್ಚ್ ಕೊಂಡ. ಮನೆಯಲ್ಲಿ ಟಾರ್ಚ್ ಇತ್ತು. ಇರಲಿ, ಅವನ ದುಡ್ಡು.

ಬಸ್ಸಿಗೆ ನಾವು ತೆಗೆದುಕೊಂಡದ್ದು ನಾಲ್ಕು ತಿಂಗಳು. ಮೊದಲು ಪಕ್ಕದಲ್ಲಿ ಕೂತೆ, ಆಮೇಲೆ ಹಿಂದಿನ ಸೀಟು, ಆಮೇಲೆ ಸ್ಕೂಟರಿನಲ್ಲಿ ಬಸ್ಸಿನ ಹಿಂದೆ, ಕೊನೆಗೆ ಇಳಿಯುವ ಕಡೆ ನಿಂತು ಕಾಯುವುದು. ಸ್ಟಾಪಿನ ಹೆಸರು ಬೇಡ, ಕಣ್ಣಿಗೆ ಬೀಳುವ ಗುರುತು ಹೇಳಿ. ಅರಳಿಕಟ್ಟೆ ಬಂದ ಕೂಡಲೇ ಏಳು, ಪೆಟ್ರೋಲ್ ಬಂಕ್ ಬಂದರೆ ಇಳಿ. ಕುತ್ತಿಗೆಯ ಕಾರ್ಡಿನಲ್ಲಿ ಕನ್ನಡದಲ್ಲಿ "ನನಗೆ ಕಿವಿ ಕೇಳಿಸುವುದಿಲ್ಲ. ದಯವಿಟ್ಟು ನನ್ನ ಸ್ಟಾಪ್ ಬಂದಾಗ ಭುಜ ತಟ್ಟಿ" ಅಂತ ಬರೆದು ನಿಮ್ಮ ನಂಬರ್ ಹಾಕಿ. ಕಂಡಕ್ಟರ್‌ಗಳು ತುಂಬಾ ಸಹಾಯ ಮಾಡುತ್ತಾರೆ, ಒಬ್ಬರಂತೂ ಈಗ ಅವನಿಗೆ ಸನ್ನೆಯಲ್ಲೇ ಊಟ ಆಯ್ತಾ ಅಂತ ಕೇಳುತ್ತಾರೆ.

ದಸರಾ ಸಮಯದಲ್ಲಿ ಅರಮನೆ ಸುತ್ತ ರಸ್ತೆ ಮುಚ್ಚಿ ಬಸ್ಸುಗಳನ್ನು ಬೇರೆ ದಾರಿಯಲ್ಲಿ ಬಿಡುತ್ತಾರೆ. ಮೊದಲ ವರ್ಷ ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಅರಳಿಕಟ್ಟೆ ಬರಲಿಲ್ಲ, ಅವನು ಏಳಲಿಲ್ಲ. ಡಿಪೋ ತನಕ ಹೋಗಿ ಕೂತಿದ್ದ. ಅಂದಿನಿಂದ ತಪ್ಪು ದಾರಿಯನ್ನೂ ಕಲಿಸುತ್ತೇವೆ: ಗುರುತು ಕಾಣದಿದ್ದರೆ ಕಂಡಕ್ಟರ್‌ಗೆ ಕಾರ್ಡ್ ತೋರಿಸು, ಆಮೇಲೆ ಅಕ್ಕನಿಗೆ ವಿಡಿಯೋ ಕಾಲ್ ಮಾಡು. ಬೇಕೆಂದೇ ಒಂದು ಸ್ಟಾಪ್ ಮುಂದೆ ಇಳಿಸಿ ಅಭ್ಯಾಸ ಮಾಡಿಸಿ.

ಕಾಗದ ಪತ್ರ, ಚುಟುಕಾಗಿ

ಯುಡಿಐಡಿ ಕಾರ್ಡಿನಲ್ಲಿ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಲ್ಲಿ, ಬರೀ ಶ್ರವಣ ದೋಷ ಅಂತ ಇದ್ದರೆ ಸರಿ ಮಾಡಿಸಿ, ಬಹುವಿಧ ಅಂಗವೈಕಲ್ಯ ಅಂತ ಬರಬೇಕು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬರೀ ಕಿವುಡುತನವನ್ನು ಒಳಗೊಳ್ಳುವುದಿಲ್ಲ, ಕಿವುಡುತನ, ಬುದ್ಧಿ ಬೆಳವಣಿಗೆಯ ತೊಂದರೆ ಎರಡೂ ಸೇರಿದ್ದರೆ ಒಳಗೊಳ್ಳುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಕೊಡುವ ನಿರಾಮಯ ಆರೋಗ್ಯ ವಿಮೆ ಅದರಡಿಯೇ ಬರುವುದು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ವಿ.ಆರ್.ಡಬ್ಲ್ಯೂ ಅಂದರೆ ಗೊತ್ತಾಗುತ್ತದೆ.

18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗೇ ಗಾರ್ಡಿಯನ್, ಅಂದರೆ ಕಾನೂನಿನ ಪ್ರಕಾರ ಅವರ ಪರವಾಗಿ ತೀರ್ಮಾನ ಮಾಡುವ ಪೋಷಕರು, ಆಗಿ ಉಳಿಯುವುದಿಲ್ಲ. ಬ್ಯಾಂಕಿನವರು ಹೇಳಿದರು ಅಂತ ಓಡಿಹೋಗಿ ಎಲ್ಲದಕ್ಕೂ ಗಾರ್ಡಿಯನ್‌ಶಿಪ್ ಮಾಡಿಸಿಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಗಾರ್ಡಿಯನ್‌ಶಿಪ್ ಇದೆ. ಒಂದು ಕೆಲಸಕ್ಕೆ, ಒಂದು ಅವಧಿಗೆ, ಅದೂ ಅವರ ಜೊತೆ ಕೂತು ತೀರ್ಮಾನ ಮಾಡುವ ರೀತಿಯದು. ನನ್ನ ಅಭಿಪ್ರಾಯದಲ್ಲಿ ಅದನ್ನೇ ಮೊದಲು ನೋಡಬೇಕು.

ಮುಂದೆ ನೋಡಿಕೊಳ್ಳುವವರಿಗೆ

ಅವನ ಸನ್ನೆಗಳು ನಮ್ಮ ತಲೆಯಲ್ಲಷ್ಟೇ ಇದ್ದರೆ ನಾವಿಲ್ಲದ ದಿನ ಅವನ ಮಾತೂ ಹೋದ ಹಾಗೆ. ಫೋನ್ ತೆಗೆದುಕೊಂಡು ಒಂದೊಂದು ಸನ್ನೆಯನ್ನೂ ಅವನ ಕೈಯಲ್ಲೇ ಮಾಡಿಸಿ ಹತ್ತು ಸೆಕೆಂಡಿನ ವಿಡಿಯೋ ಮಾಡಿ, ಕೆಳಗೆ ಅರ್ಥ ಬರೆಯಿರಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಅವನಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ, ಹಲ್ಲು ನೋವು ಬಂದರೆ ಹೇಗೆ ತೋರಿಸುತ್ತಾನೆ, ಯಾವ ಮಾತ್ರೆ ಆಗುವುದಿಲ್ಲ ಅಂತ ಬರೆದಿಡಿ. ಒಂದು ಪ್ರತಿ ಮನೆಯಲ್ಲಿ, ಒಂದು ಅವನ ಬ್ಯಾಗಿನಲ್ಲಿ, ಇನ್ನೊಂದು ನಿಮಗಿಂತ ಚಿಕ್ಕವರಾದ ನೆಂಟರ ಹತ್ತಿರ. ನಾವು ಪ್ರತಿ ಯುಗಾದಿಗೆ ಅದನ್ನು ತೆಗೆದು ಹೊಸದು ಸೇರಿಸುತ್ತೇವೆ. ಈ ವರ್ಷ ಅವನು ಸೇರಿಸಿದ್ದು ಬೇಕರಿಯ ಸ್ನೇಹಿತನ ಹೆಸರು, ಎಡಗೆನ್ನೆ ಮೇಲೆ ಬೆರಳು, ಅವರಿಗೆ ಅಲ್ಲಿ ಗುಳಿ ಬೀಳುತ್ತದಂತೆ.